ಹೊಟ್ಟಿನ ಎಣ್ಣೆಗೆ ಬಿದ್ದ ನೀರು

ನಾನು ಎಣ್ಣೆ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಿದ್ದೆ ಎಂದರೆ ಜನ ಈಗಲೂ ನಗುತ್ತಾರೆ. ಬೆಂಗಳೂರಿನಲ್ಲಿ ಎಣ್ಣೆ ಅಂದರೆ ಒಂದೇ ಅರ್ಥ. ಅದನ್ನು ಹಾಕಿಕೊಂಡವರು ಗೋಡೆ ಹಿಡಿದುಕೊಂಡು ಮನೆ ಸೇರುತ್ತಾರೆ. ದಿನಾ ನಾನು ಹತ್ತುತ್ತಿದ್ದ ಬಸ್ಸಿನ ಕಂಡಕ್ಟರ್ ಒಮ್ಮೆ, ನಿಮ್ಮ ಫ್ಯಾಕ್ಟರಿಯಲ್ಲಿ ಸ್ಯಾಂಪಲ್ ಕೊಡುತ್ತಾರಾ ಮೇಡಂ ಎಂದು ಕೇಳಿದ್ದ. ನಮ್ಮದು ಮರದ ಹೊಟ್ಟಿನಿಂದ ತೆಗೆಯುವ ಎಣ್ಣೆ, ಕುಡಿದರೆ ಕರುಳು ಸುಟ್ಟುಹೋಗುತ್ತದೆ ಎಂದು ವಿವರಿಸಿದರೆ ಇನ್ನಷ್ಟು ನಗು. ಕೊನೆಕೊನೆಗೆ ಕೆಮಿಕಲ್ ಕಂಪನಿ ಎಂದಷ್ಟೇ ಹೇಳಿ ಬಾಯಿ ಮುಚ್ಚಿಕೊಳ್ಳುತ್ತಿದ್ದೆ.

ಆಗಿನ್ನೂ ತುಮಕೂರು ರಸ್ತೆಯ ಮೇಲೆ ಮೆಟ್ರೊ ಕಂಬಗಳು ಎದ್ದಿರಲಿಲ್ಲ. ನಾಗಸಂದ್ರದ ಒಳಗಡೆ, ಲೇತ್ ಮಷಿನ್ನುಗಳ ಸದ್ದು ಮುಗಿದು ಖಾಲಿ ಸೈಟುಗಳು ಶುರುವಾಗುವ ಕಡೆ ನಮ್ಮ ತಗಡಿನ ಶೆಡ್ಡು ಇತ್ತು. ಅಲ್ಲಿ ಇದ್ದವರು ಮೂರೇ ಜನ: ಸಾರ್, ಫಿಟ್ಟರ್ ಅಣ್ಣ ಮತ್ತು ನಾನು. ಸಾರ್ ದೊಡ್ಡ ಸರ್ಕಾರಿ ಕಾರ್ಖಾನೆಯೊಂದರ ಬಾಯ್ಲರ್ ವಿಭಾಗದಲ್ಲಿ ಬಹಳ ವರ್ಷ ದುಡಿದು, ಕಾರ್ಖಾನೆ ಸೊರಗಿದಾಗ ಸ್ವಯಂ ನಿವೃತ್ತಿ ತೆಗೆದುಕೊಂಡು ಹೊರಬಂದವರು. ಫಿಟ್ಟರ್ ಅಣ್ಣ ಅವರ ಜೊತೆಗೇ ಅಲ್ಲಿಂದ ಬಂದವನು. ನಾನು ಚಿಕ್ಕಬಾಣಾವರದವಳು, ಬಿ.ಎಸ್ಸಿ. ಕೆಮಿಸ್ಟ್ರಿ ಮಾಡಿ ಮನೆಯಲ್ಲಿ ಸುಮ್ಮನೆ ಕೂತಿದ್ದವಳು.

ರಸ್ತೆಯುದ್ದಕ್ಕೂ ಮರ ಕೊಯ್ಯುವ ಸಾಮಿಲ್ಲುಗಳ ಹಿಂದೆ ಹೊಟ್ಟಿನ ಗುಡ್ಡೆಗಳು ಇರುತ್ತಿದ್ದವು. ಪೀಣ್ಯದಲ್ಲಿ ಮಷಿನ್ನುಗಳಿಗೆ ಮರದ ಪೆಟ್ಟಿಗೆ ಹೊಡೆಯುವವರು ಪುಡಿಯನ್ನೂ ಚಕ್ಕೆಯನ್ನೂ ಚರಂಡಿಗೆ ತಳ್ಳುತ್ತಿದ್ದರು, ಇಲ್ಲವೇ ಬೆಂಕಿ ಹಚ್ಚುತ್ತಿದ್ದರು. ಅದನ್ನು ನೋಡಿದರೆ ಸಾರ್‌ಗೆ ಹೊಟ್ಟೆ ಉರಿಯುತ್ತಿತ್ತು. ಅದೇ ಕಾಲದಲ್ಲಿ ಎಲ್ಲರ ಬಾಯಲ್ಲೂ ಹೊಂಗೆ ಎಣ್ಣೆಯ ಡೀಸೆಲ್ಲಿನ ಮಾತು. ಅದಕ್ಕೆ ಗಿಡ ನೆಡಬೇಕು, ಕಾಯಬೇಕು, ಬೀಜ ಆರಿಸಬೇಕು. ನಮ್ಮದು ಕಸದಿಂದ ಬರುವುದು, ಯಾರ ಹೊಲವನ್ನೂ ಕೇಳುವುದಿಲ್ಲ ಎಂದು ಸಾರ್ ವಾದ ಮಾಡುತ್ತಿದ್ದರು. ಕೇಳಿಸಿಕೊಳ್ಳಲು ಇದ್ದದ್ದು ನಾವಿಬ್ಬರೇ.

ಕೆಲಸದ ಬಗೆ ಹೇಳುವುದಕ್ಕೆ ಸುಲಭ. ಒಣ ಹೊಟ್ಟನ್ನು ಗಾಳಿ ತಾಗದ ಹಾಗೆ ಕಬ್ಬಿಣದ ಕೊಳವೆಯಲ್ಲಿ ಕಾಯಿಸಬೇಕು. ಗಾಳಿ ಸಿಕ್ಕರೆ ಅದು ಉರಿದು ಬೂದಿಯಾಗುತ್ತದೆ, ಸಿಗದಿದ್ದರೆ ಹೊಗೆಯಾಗುತ್ತದೆ. ಆ ಹೊಗೆಯನ್ನು ಥಟ್ಟನೆ ತಣಿಸಿದರೆ ಕಪ್ಪು ಎಣ್ಣೆ ತೊಟ್ಟಿಕ್ಕುತ್ತದೆ. ಮೊದಲು ಅದನ್ನು ಬಾಯ್ಲರಿನಲ್ಲಿ ಉರಿಸಿ ತೋರಿಸುವುದು, ಆಮೇಲೆ ಶುದ್ಧಿ ಮಾಡಿ ಲಾರಿಗೆ ಹಾಕುವಂಥ ಡೀಸೆಲ್ ಮಾಡುವುದು ಸಾರ್ ಲೆಕ್ಕ. ಎರಡನೆಯದು ಅವರ ಜೀವಮಾನದಲ್ಲಿ ಆಗುವುದಿಲ್ಲ ಎಂದು ಅವರಿಗೂ ಗೊತ್ತಿತ್ತು. ಮೊದಲನೆಯದಾದರೂ ಆಗಲಿ ಎಂದು ಹಟ ಹಿಡಿದಿದ್ದರು.

ಈ ಎಣ್ಣೆಗೆ ಇರುವುದು ಒಂದೇ ಶತ್ರು, ನೀರು. ಮರದಲ್ಲೇ ಇರುವ ನೀರು ಹೊಗೆಯ ಜೊತೆ ಬಂದು ಎಣ್ಣೆಯಲ್ಲಿ ಸೇರಿಕೊಂಡಿರುತ್ತದೆ. ಒಂದು ಮಟ್ಟದವರೆಗೆ ಎರಡೂ ಹೊಂದಿಕೊಂಡು ಇರುತ್ತವೆ. ಅದಕ್ಕಿಂತ ಸ್ವಲ್ಪ ಹೆಚ್ಚಾಯಿತೋ, ಎಣ್ಣೆ ಒಡೆಯುತ್ತದೆ. ತೆಳ್ಳಗಿನ ಹುಳಿನೀರು ಮೇಲೆ, ಟಾರಿನಂಥದ್ದು ಕೆಳಗೆ. ಒಡೆದ ಹಾಲನ್ನು ಮತ್ತೆ ಹಾಲು ಮಾಡಲಾಗದ ಹಾಗೆ ಇದನ್ನೂ ಸರಿಮಾಡಲು ಆಗುವುದಿಲ್ಲ. ಆದ್ದರಿಂದ ನೀರನ್ನು ಕಾಯುವುದೇ ನನ್ನ ಉದ್ಯೋಗ. ಹೊಟ್ಟನ್ನು ಟಾರ್ಪಾಲಿನ ಮೇಲೆ ಹರವಿ ಬಿಸಿಲಿಗೆ ಒಣಗಿಸುವುದು, ಒಂದು ಹಿಡಿ ತೂಗಿ, ಓವನ್ನಿನಲ್ಲಿ ಕಾಯಿಸಿ, ಮತ್ತೆ ತೂಗಿ ರಿಜಿಸ್ಟರಿನಲ್ಲಿ ಬರೆಯುವುದು. ಸಾರ್ ಮಾತ್ರ ರಿಜಿಸ್ಟರ್ ನೋಡುವ ಮೊದಲು ಹೊಟ್ಟನ್ನು ಮುಷ್ಟಿಯಲ್ಲಿ ಹಿಂಡಿ ಕೈ ಬಿಚ್ಚುತ್ತಿದ್ದರು. ಉಂಡೆ ನಿಂತರೆ ಹಸಿ, ಉದುರಿದರೆ ಒಣ. ಅವರ ಮುಷ್ಟಿಯೂ ನನ್ನ ಓವನ್ನೂ ಎಂದೂ ಜಗಳವಾಡಲಿಲ್ಲ.

ಆ ಹೊಗೆಯ ವಾಸನೆ ನನ್ನ ಕೂದಲಿಗೆ ಅಂಟಿಕೊಂಡು, ಬಸ್ಸಿನಲ್ಲಿ ಪಕ್ಕದವರು ಮೂಗು ತಿರುಗಿಸುತ್ತಿದ್ದರು. ಹಂಡೆ ಒಲೆ ಮುಂದೆ ಕೂತು ಬಂದವಳ ಹಾಗಿದ್ದೀಯ, ನಿನ್ನನ್ನು ಯಾರು ಒಪ್ಪುತ್ತಾರೆ ಎಂದು ಅಮ್ಮ ಗೊಣಗುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು. ಆದರೂ ಕೆಲಸ ಬಿಡಲಿಲ್ಲ. ಜೀವನದಲ್ಲಿ ಮೊದಲ ಬಾರಿಗೆ ಯಾರೋ ಒಬ್ಬರು ನಾನು ಬರೆದ ಅಂಕಿಯನ್ನು ನಂಬಿ ಒಲೆ ಹಚ್ಚುತ್ತಿದ್ದರು. ಅದನ್ನು ಬಿಡಲು ಮನಸ್ಸಾಗಲಿಲ್ಲ.

ಎರಡು ವರ್ಷ ಹೀಗೇ ಕಳೆಯಿತು. ಒಂದು ವಾರ ಕೊಳವೆ ಕಟ್ಟಿಕೊಂಡರೆ ಇನ್ನೊಂದು ವಾರ ಪಂಪು ತುಕ್ಕು ತಿನ್ನುತ್ತಿತ್ತು. ನೋಡಲು ಬಂದವರು ಫೋಟೊ ತೆಗೆದುಕೊಂಡು, ಬಿಸ್ಕತ್ತು ತಿಂದು ಹೋದರು. ಶೆಡ್ಡಿನ ಜಾಗದ ಯಜಮಾನರು ಅದೇ ಊರಿನವರು. ನಾವಿದ್ದ ಜಾಗದಲ್ಲಿ ಅವರಪ್ಪ ರಾಗಿ ಬೆಳೆಯುತ್ತಿದ್ದರಂತೆ, ಈಗ ಇವರು ಪಕ್ಕದಲ್ಲೇ ಬಾಡಿಗೆ ಮನೆಗಳ ಸಾಲು ಕಟ್ಟಿಸಿದ್ದರು. ಕೆಟ್ಟವರಲ್ಲ. ಆದರೆ ಒಂದು ದಿನ ಬಂದು, "ನೋಡಿ ಸಾ, ಈ ವಾಸ್ನೆಗೆ ಬಾಡಿಗೇರು ಖಾಲಿ ಮಾಡ್ಕೊಂಡು ಓಯ್ತಾವ್ರೆ. ದೀಪಾವಳಿ ಗಂಟ ನೋಡ್ತೀನಿ, ಅಷ್ಟೇಯ" ಎಂದರು. ಸಾರ್ ತಲೆಯಾಡಿಸಿದರು. ಆ ವಯಸ್ಸಿನಲ್ಲಿ ಎಲ್ಲವನ್ನೂ ಬಿಚ್ಚಿ ಬೇರೆ ಕಡೆ ಕಟ್ಟುವ ಶಕ್ತಿ ಅವರಿಗಿರಲಿಲ್ಲ. ಶೆಡ್ಡು ಹೋದರೆ ಎಣ್ಣೆಯೂ ಹೋಯಿತು.

ಇದೇ ಹೊತ್ತಿಗೆ ಪೀಣ್ಯದಲ್ಲಿ ಜೀನ್ಸ್ ಪ್ಯಾಂಟು ಒಗೆಯುವ ವಾಷಿಂಗ್ ಯೂನಿಟ್ಟಿನವರು ಒಂದು ದಿನದ ಅವಕಾಶ ಕೊಟ್ಟರು. ಬೆಳಿಗ್ಗೆಯಿಂದ ಸಂಜೆಯವರೆಗೆ ಅವರ ಬಾಯ್ಲರ್ ನಮ್ಮ ಎಣ್ಣೆಯಲ್ಲಿ ನಿಲ್ಲದೆ ಉರಿದರೆ, ನಾವು ಮಾಡಿದ್ದನ್ನೆಲ್ಲ ಅವರೇ ತೆಗೆದುಕೊಳ್ಳುತ್ತಾರೆ, ತಮ್ಮ ಕಾಂಪೌಂಡಿನ ಹಿಂದೆ ಜಾಗ ಕೊಟ್ಟು ಶೆಡ್ಡನ್ನೂ ಕಟ್ಟಿಸಿಕೊಡುತ್ತಾರೆ. ಉರಿಯದಿದ್ದರೆ ಎರಡನೇ ಸಲದ ಮಾತಿಲ್ಲ. ಎರಡು ತಿಂಗಳು ಹೊಟ್ಟು ಒಣಗಿಸಿ, ಕಾಯಿಸಿ, ಸ್ಟೀಲ್ ಟ್ಯಾಂಕು ತುಂಬಿಸಿದೆವು. ನಾನು ಪದ್ಧತಿಯಂತೆ ಟ್ಯಾಂಕಿನಿಂದ ಒಂದು ಗಾಜಿನ ಬಾಟಲಿ ತುಂಬಿಸಿ, ಚೀಟಿ ಅಂಟಿಸಿ, ಕಪಾಟಿನಲ್ಲಿಟ್ಟೆ. ಬಾಟಲಿಯನ್ನು ಬಿಸಿಲಿಗೆ ಹಿಡಿದು ಸಾರ್ ಬಹಳ ಹೊತ್ತು ನೋಡಿದರು. ಮೇಲಿಂದ ಕೆಳಗಿನವರೆಗೆ ಒಂದೇ ಬಣ್ಣ. ಅವರು ಮನಸಾರೆ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಎಣ್ಣೆ ಸಾಗಿಸಲು ನೂರು ಲೀಟರಿನ ಹತ್ತು ನೀಲಿ ಪ್ಲಾಸ್ಟಿಕ್ ಡ್ರಮ್ಮುಗಳು ಬಂದವು. ಹೊಚ್ಚಹೊಸವು, ಮೇಲೆ ಅಂಗೈಯಗಲದ ಬಾಯಿ, ತಿರುಪಿನ ಮುಚ್ಚಳ. ಅವು ಬಂದ ಮರುದಿನವೇ ಆಯುಧ ಪೂಜೆ.

ಸಾರ್‌ಗೆ ಪೂಜೆಯಲ್ಲಿ ಅಷ್ಟಾಗಿ ನಂಬಿಕೆಯಿರಲಿಲ್ಲ. ಫಿಟ್ಟರ್ ಅಣ್ಣನಿಗೆ ಅದಿಲ್ಲದೆ ವರ್ಷವೇ ಇಲ್ಲ. ಬೆಳಿಗ್ಗೆ ಅವನು ಗೇಟಿಗೆ ಬಾಳೆಕಂದು ಕಟ್ಟುತ್ತಿದ್ದ, ಸಾರ್ ಇನ್ನೂ ಬಂದಿರಲಿಲ್ಲ. ನಾನು ಸ್ಪ್ಯಾನರುಗಳನ್ನು ತೊಳೆದು ಜೋಡಿಸಿ, ಪಂಪಿಗೆ ವಿಭೂತಿ ಬಳಿದು, ಡ್ರಮ್ಮುಗಳನ್ನು ಸಾಲಾಗಿ ನಿಲ್ಲಿಸಿ ಒಂದೊಂದಕ್ಕೂ ಅರಿಶಿನ ಕುಂಕುಮ ಇಟ್ಟೆ. ಇಟ್ಟು ನೋಡಿದರೆ ಏನೋ ಸರಿಯಿಲ್ಲ ಎನಿಸಿತು. ಹತ್ತೂ ಖಾಲಿ. ನಮ್ಮ ಮನೆಯಲ್ಲಿ ಹೊಸ ಪಾತ್ರೆ ತಂದರೆ ಬರಿದಾಗಿ ದೇವರ ಮುಂದೆ ಇಡುವಂತಿಲ್ಲ. ಅಕ್ಕಿಯೋ ನೀರೋ ಏನಾದರೂ ಇರಬೇಕು. ಪಕ್ಕದ ಮನೆಯ ಬಟ್ಟಲನ್ನು ಹಿಂದಿರುಗಿಸುವಾಗಲೂ ಒಂದು ಚೂರು ಬೆಲ್ಲ ಹಾಕಿ ಕೊಡಬೇಕು. "ಬರೀ ಕೊಡ ದ್ಯಾವ್ರ ಮುಂದೆ ಇಕ್ಕಬ್ಯಾಡ ಕಣವ್ವ, ಮನೇನೂ ಬರಿದಾಯ್ತದೆ" ಎಂದು ಅಮ್ಮ ಹೇಳಿದ್ದನ್ನು ಕೇಳಿಕೊಂಡೇ ಬೆಳೆದವಳು ನಾನು. ಕೆಮಿಸ್ಟ್ರಿ ಓದಿದ್ದು ಆಮೇಲೆ.

ನಲ್ಲಿಯಿಂದ ಬಿಂದಿಗೆಯಲ್ಲಿ ಹಿಡಿದು ಹತ್ತು ಡ್ರಮ್ಮಿಗೂ ಒಂದೊಂದು ಬಿಂದಿಗೆ ನೀರು ಸುರಿದೆ. ಮುಚ್ಚಳ ಹಾಕಿ, ಮೇಲೊಂದು ಸೇವಂತಿಗೆ ಇಟ್ಟೆ. ಆ ಎಣ್ಣೆ ಉರಿಯಲಿ, ಸಾರ್ ಗೆಲ್ಲಲಿ ಎಂದು ನಿಜವಾಗಿ ಬೇಡಿಕೊಂಡೆ. ರಜೆ ಮುಗಿಸಿ ಬಂದು, ನೀರು ಚೆಲ್ಲಿ, ಡ್ರಮ್ಮುಗಳನ್ನು ಬಿಸಿಲಿಗೆ ಬೋರಲು ಹಾಕಿದರಾಯಿತು ಎಂದುಕೊಂಡೆ. ಅಣ್ಣ ಬೂದುಗುಂಬಳ ಒಡೆದ. ಸಾರ್ ಬಂದು ಮಂಗಳಾರತಿ ತೆಗೆದುಕೊಂಡು, ಪುರಿ ತಿಂದು, ಬುಧವಾರ ಟ್ರಯಲ್ ಎಂದು ನೆನಪಿಸಿ ಹೋದರು.

ರಜೆಯ ನಂತರ ಸೋಮವಾರ ನಾನು ಕೆಲಸಕ್ಕೆ ಹೋಗಲಿಲ್ಲ. ಅಂದು ನನ್ನನ್ನು ನೋಡಲು ಗಂಡಿನ ಕಡೆಯವರು ಬರುವುದಿತ್ತು. ಹೊಗೆ ವಾಸನೆ ಹೋಗಲೆಂದು ಅಮ್ಮ ಎರಡು ದಿನದಿಂದ ನನ್ನ ತಲೆಗೆ ಸೀಗೆಕಾಯಿ ಉಜ್ಜಿ ಉಜ್ಜಿ ನೆತ್ತಿ ಉರಿಸಿದ್ದಳು. ಅವರು ಬಂದರು, ಉಪ್ಪಿಟ್ಟು ಕೇಸರಿಬಾತ್ ತಿಂದರು, ಹುಡುಗಿ ಏನು ಕೆಲಸ ಮಾಡುತ್ತಾಳೆ ಎಂದು ಕೇಳಿದರು. ಎಣ್ಣೆ ಎಂದು ಅಪ್ಪನ ಬಾಯಿ ತಪ್ಪಿತು. ನಕ್ಕು ಹೋದವರು ಮತ್ತೆ ಸುದ್ದಿ ಕಳಿಸಲಿಲ್ಲ. ಆ ಇಡೀ ದಿನ ಡ್ರಮ್ಮುಗಳು ನನ್ನ ತಲೆಗೆ ಒಂದು ಸಲವೂ ಬರಲಿಲ್ಲ. ಮಂಗಳವಾರ ಹೋಗಿ ನೋಡಿದರೆ ಹತ್ತೂ ತುಂಬಿ, ಮುಚ್ಚಳ ಬಿಗಿದು ಲಾರಿಗೆ ಕಾಯುತ್ತಿದ್ದವು. ಅಣ್ಣ ನನ್ನ ಕೆಲಸ ಹಗುರ ಮಾಡಲೆಂದು ಹಿಂದಿನ ದಿನವೇ ಪಂಪು ಹಚ್ಚಿ, ಟ್ಯಾಂಕು ಪೂರ್ತಿ ಬರಿದಾಗುವವರೆಗೆ ತುಂಬಿಸಿದ್ದ. ಕಪ್ಪು ಪೈಪನ್ನು ನೀಲಿ ಡ್ರಮ್ಮಿಗೆ ಬಿಟ್ಟರೆ ಒಳಗೇನಿದೆ ಎಂದು ಯಾರಿಗೆ ಕಾಣುತ್ತದೆ? ಅವನ್ನು ನೋಡಿಯೂ ನನಗೆ ನೆನಪಾಗಲಿಲ್ಲ. ಇದನ್ನು ಯಾರೂ ನಂಬುವುದಿಲ್ಲ, ಆದರೆ ನಿಜ. ನಾನು ನಕ್ಕು ಹೋದ ವರನನ್ನು ಬೈದುಕೊಳ್ಳುತ್ತಿದ್ದೆ.

ಬುಧವಾರ ಬೆಳಿಗ್ಗೆ ವಾಷಿಂಗ್ ಯೂನಿಟ್ಟಿನಲ್ಲಿ ಬರ್ನರಿಗೆ ನಮ್ಮ ಪೈಪು ಜೋಡಿಸಿದರು. ಸಾರ್ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಜ್ವಾಲೆ ಹತ್ತಿಕೊಂಡಿತು, ಒಂದೆರಡು ನಿಮಿಷ ಚೆನ್ನಾಗಿಯೇ ಉರಿಯಿತು. ಆಮೇಲೆ ಸೀನಿದ ಹಾಗೆ ಸದ್ದು ಮಾಡಿ ಆರಿತು. ಎಣ್ಣೆ ಚಿಮ್ಮುವ ನಾಝಲ್ ತುಂಬ ಟಾರು. ಅಣ್ಣ ಬಿಚ್ಚಿ ತೊಳೆದು ಹಾಕಿದ, ಮತ್ತೆ ಹತ್ತಿತು, ಮತ್ತೆ ಆರಿತು. ಡ್ರಮ್ಮು ಬದಲಿಸಿದರು. ಅದೇ ಕತೆ. ಮೂರನೆಯದಕ್ಕೆ ಅಲ್ಲಿನ ಬಾಯ್ಲರ್ ಆಪರೇಟರ್ ಒಂದು ಉದ್ದನೆಯ ಸರಳನ್ನು ಡ್ರಮ್ಮಿನೊಳಗೆ ಇಳಿಸಿ ಎತ್ತಿ ತೋರಿಸಿದ. ಮೇಲಿನ ಭಾಗ ಟೀ ಡಿಕಾಕ್ಷನ್ನಿನ ಬಣ್ಣದಲ್ಲಿ ಒದ್ದೆ, ಕೆಳಗಿನ ಭಾಗಕ್ಕೆ ಕಪ್ಪು ಅಂಟು ಮೆತ್ತಿಕೊಂಡಿತ್ತು. "ಸಾರ್, ಇದು ಒಡ್ದೋಗದೆ" ಎಂದ.

ಆಗ ನೆನಪಾಯಿತು. ನಲ್ಲಿ, ಬಿಂದಿಗೆ, ಸೇವಂತಿಗೆ, ಎಲ್ಲ ಒಟ್ಟಿಗೆ. ಅಲ್ಲೇ ಒಗೆಯದ ಪ್ಯಾಂಟುಗಳ ಮೂಟೆಯ ಮೇಲೆ ಕೂತುಬಿಟ್ಟೆ.

ಸಾರ್ ಸರಳನ್ನು ಕೈಯಲ್ಲಿ ಹಿಡಿದುಕೊಂಡು ನನ್ನ ಹತ್ತಿರ ಬಂದರು. ಸಿಟ್ಟಿರಲಿಲ್ಲ. ಪರೀಕ್ಷೆಯಲ್ಲಿ ಫೇಲಾದ ಮಕ್ಕಳ ಮುಖ ಇರುತ್ತದಲ್ಲ, ಹಾಗಿತ್ತು.

"ನೀರೆಲ್ಲಾದ್ರೂ ಸೇರ್ಕೊಂಡ್ತೇನಮ್ಮ?"

"ಇಲ್ಲ ಸಾರ್" ಎಂದೆ.

ಹೇಳಬಹುದಿತ್ತು. ಅಲ್ಲಿ ಬೇಡ, ಶೆಡ್ಡಿಗೆ ಹೋದ ಮೇಲೆ ಹೇಳುತ್ತೇನೆ ಎಂದುಕೊಂಡೆ. ಶೆಡ್ಡಿಗೆ ಹೋದ ಮೇಲೆ ಅವರು ನನ್ನ ರಿಜಿಸ್ಟರನ್ನು ಮೊದಲ ಪುಟದಿಂದ ಓದಿದರು. ಹೊಟ್ಟು ಪ್ರತಿದಿನವೂ ಒಣಗಿತ್ತು. ನನ್ನ ಅಂಕಿಗಳಲ್ಲಿ ಒಂದು ತಪ್ಪೂ ಇರಲಿಲ್ಲ. ಆ ಬ್ಯಾಚಿನ ಬಾಟಲಿ ತೆಗೆಯಮ್ಮ, ಅದೂ ಒಡೆದಿದೆಯೇ ನೋಡೋಣ ಎಂದರು. ಆ ಬಾಟಲಿಯಲ್ಲಿ ಎಣ್ಣೆ ಒಂದೇ ಬಣ್ಣದಲ್ಲಿ ನಿಂತಿರುತ್ತದೆ, ಅದನ್ನು ನೋಡಿದರೆ ಡ್ರಮ್ಮಿನ ಗುಟ್ಟು ಬಯಲಾಗುತ್ತದೆ ಎಂದು ನನಗೆ ಗೊತ್ತಿತ್ತು. ಪೂಜೆಗೆ ಕಪಾಟು ತೊಳೆಯುವಾಗ ಬಿದ್ದು ಒಡೆಯಿತು ಸಾರ್ ಎಂದೆ. ಅವರು ಹೊರಗೆ ಹೋದಾಗ ಬಾಟಲಿಯನ್ನು ಊಟದ ಚೀಲದಲ್ಲಿ ಬಚ್ಚಿಟ್ಟುಕೊಂಡೆ. ನೀರು ಸುರಿದದ್ದು ಭಕ್ತಿ, ಒಪ್ಪುತ್ತೇನೆ. ಇದಕ್ಕೆ ಬೇರೆ ಹೆಸರಿಲ್ಲ, ಹೇಡಿತನ.

ಸಾರ್ ತಮಗೆ ತಾವೇ ಒಂದು ಉತ್ತರ ಕಂಡುಕೊಂಡರು. ಈ ಎಣ್ಣೆ ಇಟ್ಟರೆ ತಾನಾಗಿಯೇ ಹಳಸುತ್ತದೆ, ಒಡೆಯುತ್ತದೆ. ದೊಡ್ಡ ದೇಶದವರು ದೊಡ್ಡ ಯಂತ್ರದಲ್ಲಿ ನಿಲ್ಲಿಸಿಯಾರು, ತಗಡಿನ ಶೆಡ್ಡಿನಲ್ಲಿ ತನ್ನಂಥವನಿಂದ ಆಗುವ ಕೆಲಸವಲ್ಲ ಎಂದರು. ಅಣ್ಣ ಇನ್ನೊಂದು ಸಲ ನೋಡೋಣ ಎಂದರೂ ಕೇಳಲಿಲ್ಲ. ದೀಪಾವಳಿಗೆ ಮೊದಲೇ ಕೊಳವೆಗಳನ್ನು ಬಿಚ್ಚಿ ಗುಜರಿಯವರು ಹೊತ್ತುಕೊಂಡು ಹೋದರು. ನೀಲಿ ಡ್ರಮ್ಮುಗಳನ್ನು ಒಳಗಷ್ಟೇ ತೊಳೆಸಿ, ಬಾಡಿಗೆದಾರರಿಗೆ ಬೋರಿನ ನೀರು ಹಿಡಿದಿಡಲು ಬೇಕೆಂದು ಯಜಮಾನರೇ ಇಟ್ಟುಕೊಂಡರು. ಒಂದೆರಡರ ಮೇಲೆ ನಾನಿಟ್ಟ ಕುಂಕುಮ ಇನ್ನೂ ಇತ್ತು.

ಆಮೇಲೆ ನನಗೆ ಮದುವೆಯಾಯಿತು, ವೈಟ್‌ಫೀಲ್ಡಿನ ಕಡೆ ಬಂದೆ. ಅಪಾರ್ಟ್‌ಮೆಂಟುಗಳ ಬೋರ್‌ವೆಲ್ ನೀರನ್ನು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ನೀರು ನನ್ನನ್ನು ಬಿಡಲಿಲ್ಲ ನೋಡಿ. ಬಾಟಲಿ ಮಾತ್ರ ತವರಿನ ಅಟ್ಟದ ಮೇಲೆ ಹಳೇ ಪುಸ್ತಕಗಳ ಹಿಂದೆ ಉಳಿದಿತ್ತು. ಮನೆಗೆ ಸುಣ್ಣ ಹೊಡೆಸುವಾಗ ಅಮ್ಮ ಫೋನು ಮಾಡಿ, ಏನೋ ಕರ್ರಗಿನ ದರಿದ್ರ ಸಿಕ್ಕಿದೆ, ಬಿಸಾಕಲಾ ಎಂದು ಕೇಳಿದಳು. ಬೇಡ ಎಂದೆ, ಮುಂದಿನ ಸಲ ಹೋದಾಗ ತಂದಿಟ್ಟುಕೊಂಡೆ. ಅಷ್ಟು ಹೊತ್ತಿಗೆ ನಾಗಸಂದ್ರದವರೆಗೆ ಮೆಟ್ರೊ ಬಂದಿತ್ತು.

ಫಿಟ್ಟರ್ ಅಣ್ಣನನ್ನು ವಿಚಾರಿಸಿದಾಗ, ಸಾರ್ ಸ್ಟೇಷನ್ನಿನಿಂದ ಸ್ವಲ್ಪ ದೂರದ ಹೊಟ್ಟಿನ ಡಿಪೋ ಒಂದರಲ್ಲಿ ಕೂರುತ್ತಾರೆ ಎಂದ. ಕೋಳಿ ಫಾರಂಗಳಿಗೆ ನೆಲಕ್ಕೆ ಹಾಸಲು ಹೊಟ್ಟು ಕಳಿಸುವ ಡಿಪೋ. ಒಂದು ಭಾನುವಾರ ಮಧ್ಯಾಹ್ನ ಬಾಟಲಿ ಹಿಡಿದುಕೊಂಡು ಹೋದೆ. ಯಾಕೆ ಹೋದೆ ಎಂದು ಬಸ್ಸಿನಲ್ಲೂ ಮೆಟ್ರೊದಲ್ಲೂ ನನ್ನನ್ನೇ ಕೇಳಿಕೊಂಡೆ. ಅವರಿಗೆ ಒಳ್ಳೆಯದಾಗಲಿ ಎಂದು, ಅವರು ತಪ್ಪು ಮಾಡಿರಲಿಲ್ಲ ಎಂದು ತಿಳಿಯಲಿ ಎಂದು ಉತ್ತರ ಹೇಳಿಕೊಂಡೆ. ಅದು ಅರ್ಧ ಸುಳ್ಳು. ನನ್ನ ಎದೆಯ ಮೇಲಿನ ಕಲ್ಲು ಇಳಿದರೆ ಸಾಕಾಗಿತ್ತು.

ಸಾರ್ ಮೂಟೆಗಳ ನಡುವೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದರು. ಮೈ ಇಳಿದಿತ್ತು, ಆದರೆ ಮುಖದಲ್ಲಿ ಒಂದು ನೆಮ್ಮದಿ ಇತ್ತು. ನನ್ನ ಗುರುತು ಹಿಡಿದು ಸಂತೋಷಪಟ್ಟರು, ಮಕ್ಕಳೆಷ್ಟು ಎಂದು ಕೇಳಿದರು, ಟೀ ತರಿಸಿದರು. ಹಳೆಯ ಹುಚ್ಚಿನ ಬಗ್ಗೆ ತಾವೇ ನಗುತ್ತಾ ಮಾತಾಡಿದರು. ನಾನು ಚೀಲದಿಂದ ಬಾಟಲಿ ತೆಗೆದು ಮೇಜಿನ ಮೇಲಿಟ್ಟೆ.

ಚೀಟಿ ಓದಿದರು. ಬಾಟಲಿಯನ್ನು ಬೆಳಕಿಗೆ ಹಿಡಿದು ನಿಧಾನವಾಗಿ ಓರೆ ಮಾಡಿದರು. ಇಷ್ಟು ವರ್ಷಕ್ಕೆ ಎಣ್ಣೆ ಬೆಲ್ಲದ ಪಾಕದಷ್ಟು ಗಟ್ಟಿಯಾಗಿತ್ತು, ಆದರೆ ಒಡೆದಿರಲಿಲ್ಲ. ಮೇಲಿಂದ ಕೆಳಗಿನವರೆಗೆ ಒಂದೇ ಬಣ್ಣ. ನಾನು ಬಿಂದಿಗೆಯ ಕತೆಯನ್ನು, ಆಮೇಲಿನ ಎರಡು ಸುಳ್ಳುಗಳನ್ನು ತಲೆ ಬಗ್ಗಿಸಿಕೊಂಡು ಹೇಳಿ ಮುಗಿಸಿದೆ. ಬೈಯಲಿ ಎಂದು ಕಾದೆ. ಬೈದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಅವರು ಬಾಟಲಿಯನ್ನು ಇನ್ನೂ ಬೆಳಕಿಗೇ ಹಿಡಿದಿದ್ದರು.

"ನಂಗೆ ಬರಲ್ಲ ಅಂದ್ಕೊಂಡು ಇಷ್ಟು ವರ್ಷ ಸಮಾಧಾನವಾಗಿದ್ದೆ ಕಣಮ್ಮ" ಎಂದರು. "ಬರ್ತಿತ್ತು ಅಂತ ಈಗ ಹೇಳ್ತೀಯ. ಈ ವಯಸ್ಸಲ್ಲಿ ಅದನ್ನ ಇಟ್ಕೊಂಡು ಏನ್ಮಾಡ್ಲಿ ನಾನು?"

ಕ್ಷಮಿಸಿ ಸಾರ್ ಎಂದೆ. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲದ ಹಾಗೆ ಅವರು ತಲೆಯಾಡಿಸಿದರು. ಅಷ್ಟರಲ್ಲಿ ಸಾಮಿಲ್ಲಿನಿಂದ ಹೊಟ್ಟಿನ ಟೆಂಪೊ ಬಂದು ನಿಂತಿತು. ಸಾರ್ ಎದ್ದು ಹೋಗಿ ಒಂದು ಮೂಟೆಯ ಬಾಯಿ ಬಿಚ್ಚಿ, ಹಿಡಿ ಹೊಟ್ಟು ತೆಗೆದು ಮುಷ್ಟಿ ಹಿಂಡಿದರು. ಹಿಂಡಿದ ಕೈಯನ್ನು ಬಹಳ ಹೊತ್ತು ಬಿಚ್ಚಲಿಲ್ಲ. ಇಳಿಸಲಾ ಸಾರ್ ಎಂದು ಡ್ರೈವರ್ ಎರಡು ಸಲ ಕೇಳಿದ. ಕೊನೆಗೆ ಕೈ ಬಿಚ್ಚಿದಾಗ ಹೊಟ್ಟು ಉದುರಿಹೋಯಿತು, ಚೆನ್ನಾಗಿ ಒಣಗಿತ್ತು.

ವಾಪಸ್ಸು ಬಂದು ಬಾಟಲಿಯನ್ನು ನನ್ನ ಕಡೆ ತಳ್ಳಿದರು. ಇದು ಕಣ್ಣ ಮುಂದೆ ಇರುವುದು ಬೇಡ, ತೆಗೆದುಕೊಂಡು ಹೋಗಮ್ಮ ಎಂದರು. ನಾನು ಅದನ್ನು ಚೀಲಕ್ಕೆ ಹಾಕಿಕೊಂಡು ಮೆಟ್ರೊ ಸ್ಟೇಷನ್ನಿನವರೆಗೆ ನಡೆದೆ. ಮೆಟ್ಟಿಲ ಬಳಿ ಸೆಕ್ಯುರಿಟಿಯವಳು ಚೀಲ ತೆರೆಸಿ, ಇದೇನು ಮೇಡಂ ಎಂದು ಕೇಳಿದಳು. ಎಣ್ಣೆ ಎಂದೆ. ಅವಳು ನಕ್ಕಳು.